ಚತುರ್ಥೀ ವಿಭಕ್ತಿಯ ಹುಚ್ಚು

ಕಳೆದ ತಿಂಗಳು ತಂಗಿಯ ಮಗಳು ಒಂದು ಫಾರಂ ಹಿಡಿದು ಬಂದಳು. ರಜೆಯ ಶಿಬಿರವೊಂದಕ್ಕೆ ಸೇರಲು ತುಂಬಬೇಕಾದ ಫಾರಂ. ಹೆಸರು, ತರಗತಿ, ರಕ್ತದ ಗುಂಪು ಎಲ್ಲ ಬರೆದಾಗಿತ್ತು. ಕೊನೆಯ ಪ್ರಶ್ನೆ ಒಂದೇ ಬಾಕಿ. ‘ನಿಮ್ಮ ಪ್ಯಾಶನ್ ಏನು? ಐದು ವಾಕ್ಯಗಳಲ್ಲಿ ಬರೆಯಿರಿ.’ ಅವಳಿಗೆ ಹತ್ತು ವರ್ಷ.

“ಮಾವ, ಪ್ಯಾಶನ್‌ಗೆ ಕನ್ನಡದಲ್ಲಿ ಏನಂತಾರೆ?”

“ಆಸಕ್ತಿ.”

“ಅದು ಇಂಟರೆಸ್ಟ್ ಅಲ್ವಾ? ಅದು ನಾಲ್ಕನೇ ಪ್ರಶ್ನೆ. ಆಗ್ಲೇ ಬರೆದೆ.”

“ಹವ್ಯಾಸ?”

“ಅದು ಮೂರನೇದು.”

“ಗೀಳು?”

ಮುಖ ಸಿಂಡರಿಸಿದಳು. “ಯಾವುದೋ ಕಾಯಿಲೆ ಥರ ಇದೆ.”

“ಹಾಗಾದ್ರೆ ಹುಚ್ಚು.”

ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. “ನನ್ನ ಹುಚ್ಚು ಭರತನಾಟ್ಯ ಅಂತ ಬರೀಲಾ? ಮಿಸ್ ಏನಂದ್ಕೋತಾರೆ?” ನಿಘಂಟು ತೆಗೆದು ನೋಡಿದೆವು. ಭಾವೋದ್ರೇಕ, ಉತ್ಕಟ ಭಾವ, ಕಾಮ, ಕ್ರೋಧ ಅಂತೆಲ್ಲ ಇತ್ತು. ‘ನನ್ನ ಭಾವೋದ್ರೇಕ ಭರತನಾಟ್ಯ’ ಎಂದು ಒಂದು ಸಲ ಜೋರಾಗಿ ಓದಿ, ಇನ್ನಷ್ಟು ನಕ್ಕು, ಕೊನೆಗೆ ಪ್ಯಾಶನ್ ಎಂದೇ ಬರೆದಳು. ಫಾರಂ ಹೋಯಿತು. ಆದರೆ ಆ ನಗು ನನ್ನ ತಲೆಯಲ್ಲಿ ಉಳಿಯಿತು. ನಾಲ್ಕು ಪದ ಹೇಳಿದೆನಲ್ಲ, ಅದರಲ್ಲಿ ಸರಿಯಾದ ಉತ್ತರ ನಾಲ್ಕನೆಯದೇ. ಅದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಯಾಕೆ ನಕ್ಕೆವು?

ನನಗೆ, ಅವನಿಗೆ, ಅವಳಿಗೆ

ಹುಚ್ಚು ಎನ್ನುವ ಪದವನ್ನು ನಾವು ವಾಕ್ಯದಲ್ಲಿ ಹೇಗೆ ಇಡುತ್ತೇವೆ ನೋಡಿ. ‘ಅವನಿಗೆ ಸಿನಿಮಾ ಹುಚ್ಚು.’ ‘ಅವಳಿಗೆ ಓದಿನ ಹುಚ್ಚು.’ ‘ನನಗೆ ಆಗ ಚೆಸ್ ಹುಚ್ಚು ಹಿಡಿದಿತ್ತು.’ ಎಲ್ಲೂ ಮನುಷ್ಯ ಕರ್ತೃ ಅಲ್ಲ. ನನಗೆ, ಅವನಿಗೆ, ಅವಳಿಗೆ. ಶಾಲೆಯಲ್ಲಿ ಚತುರ್ಥೀ ವಿಭಕ್ತಿ ಎಂದು ಬಾಯಿಪಾಠ ಮಾಡಿಸಿದ್ದರಲ್ಲ, ಅದೇ. ನನಗೆ ಹಸಿವಾಯಿತು, ನನಗೆ ನಿದ್ದೆ ಬಂತು, ನನಗೆ ಜ್ವರ, ನನಗೆ ನೆನಪಾಯಿತು. ನಮ್ಮ ಕೈಯಲ್ಲಿಲ್ಲದ್ದು, ತಾನಾಗಿ ಬಂದು ಮೇಲೆ ಬೀಳುವಂಥದ್ದು ಯಾವುದಿದ್ದರೂ ಕನ್ನಡ ಅದನ್ನು ಈ ಸಾಲಿನಲ್ಲಿ ಕೂರಿಸುತ್ತದೆ. ಹುಚ್ಚನ್ನೂ ಅಲ್ಲೇ ಕೂರಿಸಿದೆ.

ಕ್ರಿಯಾಪದಗಳು ಇನ್ನೂ ಮಜವಾಗಿವೆ. ಹುಚ್ಚು ಹಿಡಿಯುತ್ತದೆ. ಇನ್ನೇನೇನು ಹಿಡಿಯುತ್ತದೆ? ದೆವ್ವ ಹಿಡಿಯುತ್ತದೆ, ಗ್ರಹಣ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಹುಚ್ಚು ಹತ್ತುತ್ತದೆ ಅಂತಲೂ ಅನ್ನುತ್ತೇವೆ. ಬೆಂಕಿ ಹತ್ತುತ್ತದೆ, ನಾಲಿಗೆಗೆ ರುಚಿ ಹತ್ತುತ್ತದೆ. ಹುಚ್ಚು ಅಂಟುತ್ತದೆ, ನೆಗಡಿಯ ಹಾಗೆ. ಹೋಗುವಾಗ ‘ಬಿಡುತ್ತದೆ’, ಜ್ವರ ಬಿಟ್ಟ ಹಾಗೆ. ಬಿಡದಿದ್ದರೆ ಬಲ್ಲವರನ್ನು ಕರೆಸಿ ಬಿಡಿಸಬೇಕು.

ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಹಿಡಿಸು’. ಆ ಬಣ್ಣ ನನಗೆ ಹಿಡಿಸಿತು, ಅವನ ಮಾತು ಹಿಡಿಸಲಿಲ್ಲ. ಬರೀ ಮೆಚ್ಚುಗೆಯ ಮಾತು. ಆದರೆ ಒಳಗೆ ಇರುವುದು ಅದೇ ಹಿಡಿ. ಮೊದಲು ಹಿಡಿಸುತ್ತದೆ, ಆಮೇಲೆ ಹಿಡಿಯುತ್ತದೆ. ಎರಡರ ನಡುವೆ ಎಷ್ಟು ದಿನ, ಎಷ್ಟು ವರ್ಷ ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಭಾಷೆ ಒಂದೇ ಒಂದು ಸಣ್ಣ ಪ್ರತ್ಯಯದಲ್ಲಿ ಆ ದಾರಿಯನ್ನು ಬಿಟ್ಟುಕೊಟ್ಟಿದೆ.

ಈಗ ಆಸಕ್ತಿಯನ್ನು ಇದರ ಪಕ್ಕ ಇಡಿ. ಆಸಕ್ತಿ ವಹಿಸಬಹುದು, ತೋರಿಸಬಹುದು, ಬೆಳೆಸಿಕೊಳ್ಳಬಹುದು, ಕಳೆದುಕೊಳ್ಳಬಹುದು. ಕಡತ ಇದ್ದ ಹಾಗೆ, ಎತ್ತಿ ಇಡಲು ಬರುತ್ತದೆ. ‘ಅವರು ಈ ವಿಷಯದಲ್ಲಿ ಹುಚ್ಚು ವಹಿಸಿದರು’ ಅಂತ ಹೇಳಿ ನೋಡಿ. ಆಗಲ್ಲ. ಹುಚ್ಚನ್ನು ವಹಿಸಲು ಬರುವುದಿಲ್ಲ. ಹೆಚ್ಚೆಂದರೆ ‘ಹುಚ್ಚು ಹಿಡಿಸಿಕೊಂಡಿದ್ದಾನೆ’ ಅನ್ನಬಹುದು. ಅಲ್ಲಿ ಸ್ವಲ್ಪ ಆರೋಪ ಇದೆ: ಹಿಡಿದದ್ದು ಅದೇ ಆದರೂ ಬಾಗಿಲು ತೆರೆದಿಟ್ಟವನು ಇವನು ಅಂತ.

ಈಗ ಎಲ್ಲೆಡೆ ಕೇಳಿಬರುವ ಮಾತು ಇದಕ್ಕೆ ಪೂರಾ ಉಲ್ಟಾ. ನಿಮ್ಮ ಪ್ಯಾಶನ್ ಹುಡುಕಿಕೊಳ್ಳಿ. ಅದರ ಹಿಂದೆ ಹೋಗಿ. ಅಲ್ಲಿ ಪ್ಯಾಶನ್ ಎಲ್ಲೋ ಸುಮ್ನೆ ಕೂತಿರುತ್ತದೆ, ನಾವು ಬೇಟೆಗೆ ಹೊರಟಿರುತ್ತೇವೆ. ಕನ್ನಡದ ಲೆಕ್ಕದಲ್ಲಿ ಬೇಟೆ ನಾವು.

ದೊಡ್ಡಪ್ಪನ ರೇಡಿಯೋ

ಹುಚ್ಚು ಎಂದಾಗೆಲ್ಲ ನನಗೆ ನೆನಪಾಗುವುದು ದೊಡ್ಡಪ್ಪ. ಅವರಿಗೆ ರೇಡಿಯೋ ಹುಚ್ಚು. ಹಾಡು ಕೇಳುವ ಹುಚ್ಚಲ್ಲ. ಹಾಡು ಅವರಿಗೆ ಬೇಕೇ ಇರಲಿಲ್ಲ. ದೂರದ ಕೇಂದ್ರಗಳನ್ನು ಹಿಡಿಯುವ ಹುಚ್ಚು. ಶಾರ್ಟ್‌ವೇವ್ ಪಟ್ಟಿಯಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಕಿವಿಯನ್ನು ಸ್ಪೀಕರಿಗೆ ಅಂಟಿಸಿ ಕೂರುವವರು. ಕೇಂದ್ರ ಸಿಕ್ಕಿದರೆ ಒಂದು ನೋಟುಪುಸ್ತಕದಲ್ಲಿ ವಿವರ ಬರೆಯುವುದು, ಆ ಕೇಂದ್ರಕ್ಕೆ ಪತ್ರ ಹಾಕುವುದು. ವಿವರ ತಾಳೆಯಾದರೆ ಅವರು ‘ಹೌದು, ನೀವು ಕೇಳಿದ್ದು ನಮ್ಮನ್ನೇ’ ಎಂದು ಚಂದದ ಚಿತ್ರವಿರುವ ಕಾರ್ಡು ಕಳಿಸುತ್ತಾರೆ. ಅದಕ್ಕೆ ಕ್ಯೂಎಸ್ಎಲ್ ಕಾರ್ಡ್ ಅಂತ ಹೆಸರು. ಪತ್ರ ಹಾಕಿ ಮೂರು ತಿಂಗಳು, ಆರು ತಿಂಗಳು ಕಾದರೆ ಒಂದು ಕಾರ್ಡು. ಇಷ್ಟೇ. ಇದರಿಂದ ಬರುವ ಲಾಭ ಏನು ಅಂತ ಕೇಳಿದವರಿಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಕೇಳಿದವರನ್ನು ಪಾಪ ಅನ್ನುವ ಹಾಗೆ ನೋಡುತ್ತಿದ್ದರು.

ವಿವರ ಬರೆಯುವುದಕ್ಕೆ ಒಂದು ಕ್ರಮ ಇತ್ತು. ಸಿನ್ಪೋ ಎಂಬ ಐದು ಅಂಕಿಯ ಸಂಕೇತ. ಸಿಗ್ನಲ್ ಎಷ್ಟು ಗಟ್ಟಿ, ಬೇರೆ ಕೇಂದ್ರದ ಅಡ್ಡಿ ಎಷ್ಟು, ಗದ್ದಲ ಎಷ್ಟು, ಅಲೆ ಎಷ್ಟು ಏರಿಳಿಯುತ್ತಿದೆ, ಒಟ್ಟಾರೆ ಹೇಗಿದೆ. ಪ್ರತಿಯೊಂದಕ್ಕೂ 1ರಿಂದ 5ರ ಒಳಗೆ ಅಂಕ. ಐದಕ್ಕೆ ಐದೂ ಬಂದರೆ 55555. ಅಂಥ ಕೇಂದ್ರ ಸಿಕ್ಕಿದರೆ ದೊಡ್ಡಪ್ಪನಿಗೆ ಬೇಜಾರು. “ಇದನ್ನ ಯಾರು ಬೇಕಾದ್ರೂ ಕೇಳ್ತಾರೆ” ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಸಾಯುತ್ತಾ ಬದುಕುತ್ತಾ ಬರುವ ದನಿ. ರಾತ್ರಿ ಹೊತ್ತು ದೂರದ ಅಲೆಗಳು ಚೆನ್ನಾಗಿ ಸಿಗುತ್ತವೆ. ಹಗಲು ಅವನ್ನು ಹೀರಿಕೊಳ್ಳುವ ಪದರ ಮೇಲೆ ಆಕಾಶದಲ್ಲಿ ರಾತ್ರಿ ಇರುವುದಿಲ್ಲವಂತೆ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ. ಹಾಗಾಗಿ ಅವರ ನಿಜವಾದ ದಿನ ಶುರುವಾಗುವುದು ಎಲ್ಲರೂ ಮಲಗಿದ ಮೇಲೆ.

ಮನೆಗೆ ಯಾರಾದರೂ ಬಂದಾಗ ದೊಡ್ಡಪ್ಪ ಮಾಳಿಗೆಯ ಮೇಲೆ ತಾಮ್ರದ ತಂತಿ ಎಳೆಯುತ್ತಾ ನಿಂತಿದ್ದರೆ ದೊಡ್ಡಮ್ಮ ಹೇಳುತ್ತಿದ್ದರು: “ಇವರಿಗೊಂದು ರೇಡಿಯೋ ಹುಚ್ಚು ನೋಡಿ. ಹಿಡಿದದ್ದು ಬಿಡಲಿಲ್ಲ.” ಆ ದನಿಯನ್ನು ನಾನು ಬರೆದು ತೋರಿಸಲಾರೆ. ದೂರು ಇತ್ತು, ಖಂಡಿತ. ನಿದ್ದೆಗೆಟ್ಟ ರಾತ್ರಿಗಳ ದೂರು, ಅಂಚೆ ಚೀಟಿಗೆ ಹೋದ ದುಡ್ಡಿನ ದೂರು. ಆದರೆ ಬಂದವರು “ಹೌದಲ್ವಾ, ಇದೆಂಥ ಹುಚ್ಚು” ಎಂದು ದನಿ ಸೇರಿಸಿದರೆ ದೊಡ್ಡಮ್ಮನ ಮುಖ ಬಿಗಿಯುತ್ತಿತ್ತು. “ಮೊನ್ನೆ ಜಪಾನಿನಿಂದ ಕಾರ್ಡು ಬಂದಿದೆ” ಎಂದು ಒಳಗೆ ಹೋಗಿ ತಂದು ತೋರಿಸುತ್ತಿದ್ದರು. ಆ ಹುಚ್ಚನ್ನು ಹುಚ್ಚು ಎಂದು ಕರೆಯುವ ಹಕ್ಕು ಅವರೊಬ್ಬರದೇ.

ಆಮೇಲೆ ನನಗೆ ಹೊಳೆದದ್ದು ಇದು. ಈ ಪದವನ್ನು ಹೆಚ್ಚಾಗಿ ಹೇಳುವವರು ಹುಚ್ಚು ಹಿಡಿದವರಲ್ಲ, ಅವರ ಪಕ್ಕದಲ್ಲಿ ಬದುಕುವವರು. ಹುಚ್ಚಿನ ಖರ್ಚು ಭರಿಸುವವರು. ‘ನನ್ನ ಪ್ಯಾಶನ್’ ಎಂದು ಹೇಳಿಕೊಳ್ಳುವವನ ವಾಕ್ಯದಲ್ಲಿ ಅವನೊಬ್ಬನೇ ಇರುತ್ತಾನೆ. ‘ಅವರಿಗೆ ರೇಡಿಯೋ ಹುಚ್ಚು’ ಎನ್ನುವ ವಾಕ್ಯದಲ್ಲಿ ಇಬ್ಬರಿರುತ್ತಾರೆ. ಒಬ್ಬರು ಮಾಳಿಗೆಯ ಮೇಲೆ, ಇನ್ನೊಬ್ಬರು ಕೆಳಗೆ ಏಣಿ ಹಿಡಿದುಕೊಂಡು.

ಸವೆದು ಹೋದ ಮಾತುಗಳು

ಆಸಕ್ತಿ ಮೊದಲಿಂದಲೂ ಹೀಗೆ ಸಪ್ಪೆಯಾಗಿರಲಿಲ್ಲ. ಸಂಸ್ಕೃತದಲ್ಲಿ ಅದರ ಬೇರು ಅಂಟಿಕೊಳ್ಳುವುದು, ತಗುಲಿಕೊಳ್ಳುವುದು. ಸಂಗ ಎನ್ನುವ ಪದವೂ ಅದೇ ಬೇರಿನದು. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ‘ಅಸಕ್ತನಾಗಿ’ ಕೆಲಸ ಮಾಡು ಅನ್ನುತ್ತಾನೆ, ಅಂಟಿಕೊಳ್ಳದೆ. ಗಾಂಧೀಜಿ 1930ರಲ್ಲಿ ಹೊರತಂದ ಗೀತೆಯ ಗುಜರಾತಿ ಅನುವಾದದ ಹೆಸರೇ ‘ಅನಾಸಕ್ತಿಯೋಗ’. ಅಂದರೆ ಆಸಕ್ತಿ ಎನ್ನುವುದು ಯುದ್ಧಭೂಮಿಯಲ್ಲಿ ನಿಲ್ಲಿಸಿ ಎಚ್ಚರಿಸಬೇಕಾದಷ್ಟು ಅಪಾಯದ ವಸ್ತುವಾಗಿತ್ತು. ಇವತ್ತು? ‘ಆಸಕ್ತರು ಎರಡು ಭಾವಚಿತ್ರಗಳೊಂದಿಗೆ ಅರ್ಜಿ ಸಲ್ಲಿಸಬಹುದು.’

ಹವ್ಯಾಸದ ಕತೆಯೂ ಹೀಗೇ. ಮರಾಠಿಯಲ್ಲಿ ಇದೇ ಪದ ಇದೆ, ಆದರೆ ಅಲ್ಲಿ ಅದು ದುರಾಸೆ. ದುಡ್ಡಿನ ಹವ್ಯಾಸ ಅಂದರೆ ಮರಾಠಿಗರ ಕಿವಿಗೆ ಬೈಗುಳ. ನಮ್ಮಲ್ಲಿ ಅದು ಭಾನುವಾರ ಮಧ್ಯಾಹ್ನದ ಮಾತು. ಅಂಚೆ ಚೀಟಿ ಸಂಗ್ರಹ, ತೋಟಗಾರಿಕೆ, ಪುಸ್ತಕ ಓದುವುದು. ಅರಬಿ ಭಾಷೆಯಲ್ಲಿ ತೀವ್ರವಾದ ಹಂಬಲ ಎಂಬ ಅರ್ಥವಿದ್ದ ಷೌಕ್ ಹಿಂದಿಯ ಮೂಲಕ ನಮ್ಮಲ್ಲಿಗೆ ಬರುವಷ್ಟರಲ್ಲಿ ಶೋಕಿಯಾಯಿತು. ಕೂದಲಿಗೆ ಎಣ್ಣೆ ಹಚ್ಚಿ ಕ್ರಾಪು ತೆಗೆಯುವ ಶೋಕಿ. ಹಂಬಲ ಹೋಗಿ ಪೋಷಾಕು ಉಳಿಯಿತು. ಖಯಾಲಿ ಪರವಾಗಿಲ್ಲ, ಅದು ಇನ್ನೂ ಸ್ವಲ್ಪ ಬಿಸಿ ಉಳಿಸಿಕೊಂಡಿದೆ. ಮೂಲದಲ್ಲಿ ಅದು ಕಲ್ಪನೆ, ಯೋಚನೆ. ಹಿಂದುಸ್ತಾನಿ ಸಂಗೀತದ ಖಯಾಲ್ ಕೂಡ ಅದೇ ಪದ. ನಮ್ಮ ಖಯಾಲಿಯವನು ರಾಗ ವಿಸ್ತಾರ ಮಾಡುತ್ತಿರುತ್ತಾನೆ, ಏನು ರಾಗ ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಬಿಸಿ ಪದಗಳು ಬಳಸಿ ಬಳಸಿ ಆರುತ್ತವೆ. ಪ್ಯಾಶನ್ ಕೂಡ ಈಗ ಆರುತ್ತಿದೆ. ಗ್ರಾಹಕರ ತೃಪ್ತಿಯೇ ನಮ್ಮ ಪ್ಯಾಶನ್ ಎಂದು ಬೋರ್ಡು ಹಾಕಿದ ದಿನವೇ ಅದರ ಕತೆ ಮುಗಿಯಿತು. ಆದರೆ ಅದರ ಬೇರು ಕೆದಕಿದರೆ ಬೆಚ್ಚಿಬೀಳುತ್ತೇವೆ. ಲ್ಯಾಟಿನ್ನಿನಲ್ಲಿ ಅದು ನೋವು ಅನುಭವಿಸುವುದು. ಯೇಸು ಶಿಲುಬೆಯ ಮೇಲೆ ಪಟ್ಟ ಪಾಡಿಗೆ ಕ್ರೈಸ್ತರು ಇವತ್ತಿಗೂ ಅದೇ ಪದ ಬಳಸುತ್ತಾರೆ. ಆಸ್ಪತ್ರೆಯ ಪೇಷಂಟ್ ಕೂಡ ಅದೇ ಬೇರಿನ ಕೂಸು. ಜರ್ಮನ್ನರು ಲೈಡೆನ್‌ಶಾಫ್ಟ್ ಅನ್ನುತ್ತಾರೆ, ಅಲ್ಲೂ ಲೈಡೆನ್ ಅಂದರೆ ನರಳುವುದು. ಇಟಲಿಯಲ್ಲಿ ಫುಟ್‌ಬಾಲ್ ಹುಚ್ಚರಿಗೆ ತಿಫೋಸಿ ಎನ್ನುತ್ತಾರೆ. ತಿಫೋ ಅಂದರೆ ಟೈಫಸ್ ಜ್ವರ. ಪತ್ರಿಕೆಯವರು ‘ಕ್ರಿಕೆಟ್ ಜ್ವರ’ ಎಂದು ಬರೆದಾಗಲೆಲ್ಲ ಸವಕಲು ಮಾತು ಎಂದು ಮೂಗು ಮುರಿಯುತ್ತಿದ್ದೆ. ಇಟಲಿಯವರೂ ಅದೇ ಜ್ವರ ಅಳೆದಿದ್ದಾರೆ ಎಂದು ತಿಳಿದ ಮೇಲೆ ಸುಮ್ಮನಾದೆ.

ಜ್ವರ ಅಲ್ಲದಿದ್ದರೆ ದೆವ್ವ, ಅದೂ ಅಲ್ಲದಿದ್ದರೆ ದೇವರು. ಅರಬಿಯ ಜುನೂನ್ ಅಂದರೆ ಹುಚ್ಚು, ಅದರ ಒಳಗೆ ಕೂತಿರುವುದು ಜಿನ್. ಲೈಲಾಳ ಹಿಂದೆ ಅಲೆದ ಮಜನೂ ಎಂದರೆ ಜಿನ್ ಹಿಡಿದವನು. ನಮ್ಮ ಮರುಳು ಕೂಡ ಹಾಗೆಯೇ. ಹಳಗನ್ನಡದಲ್ಲಿ ಮರುಳ್ ಎಂದರೆ ಪಿಶಾಚಿ, ಹುಚ್ಚು ಎಂದೂ ಅರ್ಥ. ಗ್ರೀಕರು ಇನ್ನೂ ಮೇಲೆ ಹೋದರು. ಉತ್ಸಾಹಕ್ಕೆ ಇಂಗ್ಲಿಷಿನವರು ಬಳಸುವ ಎಂತುಸಿಯಾಸಂ ಅವರಿಂದ ಬಂದದ್ದು. ಒಳಗೆ ದೇವರು ಹೊಕ್ಕ ಸ್ಥಿತಿ ಅಂತ ಅರ್ಥ. ನಾವು ಮೈಮೇಲೆ ಬರುವುದು, ಆವೇಶ ಅನ್ನುತ್ತೇವಲ್ಲ, ಥೇಟ್ ಅದೇ. ಫ್ಯಾನ್ ಎಂದರೆ ಫ್ಯಾನಟಿಕ್, ಅದರ ಬೇರು ಲ್ಯಾಟಿನ್ನಿನ ಗುಡಿ. ಒಬ್ಬರನ್ನೊಬ್ಬರು ಕಂಡು ಕೇಳದ ಜನ ಒಂದೇ ಸಾಕ್ಷಿ ನುಡಿದ ಹಾಗಿದೆ: ಇದು ನಾವು ಮಾಡಿದ್ದಲ್ಲ, ನಮಗೆ ಆದದ್ದು.

ನಮ್ಮ ಹುಚ್ಚು ದೆವ್ವದ ಕಡೆಯದಲ್ಲ, ದೇಹದ ಕಡೆಯದು ಅನ್ನಿಸುತ್ತದೆ. ತೆಲುಗಿನ ಪಿಚ್ಚಿ ಇದರ ನಂಟಿನ ಪದ. ಪಾಲು ಹಾಲಾದ ಹಾಗೆ ನಮ್ಮಲ್ಲಿ ಪಕಾರ ಹಕಾರವಾಗಿದೆ. ತಮಿಳಿನಲ್ಲಿ ಪಿತ್ತು ಅಂದರೆ ಹುಚ್ಚು. ಪಿತ್ತ ನೆತ್ತಿಗೇರಿದರೆ ಏನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಲ್ಲ. ಆದರೆ ನಾವು ಆ ಪದವನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗಿದ್ದೇವೆ! ದಡ ಮೀರಿದ್ದು ಹುಚ್ಚು ಹೊಳೆ. ಎಳ್ಳಿನಂತಿದ್ದೂ ಎಳ್ಳಲ್ಲದ್ದು ಹುಚ್ಚೆಳ್ಳು. ಮಕ್ಕಳಿಗೆ ಹುಚ್ಚಪ್ಪ, ಹುಚ್ಚಮ್ಮ ಎಂದು ಹೆಸರಿಟ್ಟು ಮುದ್ದು ಮಾಡಿದ್ದೇವೆ. ಹುಚ್ಚು ಬಿಡುವವರೆಗೆ ಮದುವೆ ಆಗಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡಲ್ಲ ಎಂದು ಗಾದೆ ಕಟ್ಟಿದ್ದೇವೆ. ಹೀಗೆ ಎಲ್ಲ ಕಡೆ ಓಡಾಡಿಯೂ ಅದು ಸವೆದಿಲ್ಲ. ಕಾರಣ ಸುಲಭ. ಅರ್ಜಿಯಲ್ಲಿ ಯಾರೂ ಅದನ್ನು ಬರೆಯುವುದಿಲ್ಲ.

ಕಾಯಿಲೆಯ ಪಕ್ಕದ ಮನೆ

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಸೊಸೆ ಗೀಳು ಅಂದಾಗ ಮುಖ ಸಿಂಡರಿಸಿದ್ದು ತಪ್ಪಲ್ಲ. ಒಸಿಡಿ ಎಂಬ ತೊಂದರೆಗೆ ಕನ್ನಡದ ವೈದ್ಯರು ಬಳಸುವುದು ಇದೇ ಪದ, ಗೀಳು ರೋಗ. ಅದರ ಒಳಗಿನ ಕಷ್ಟ ನೋಡಿದವರಿಗೆ ಗೊತ್ತು. ಬೀಗ ಹಾಕಿದೆನಾ ಎಂದು ಇಪ್ಪತ್ತು ಸಲ ಎಳೆದು ನೋಡುವವನಿಗೆ ಬೀಗದ ಮೇಲೆ ಪ್ರೀತಿ ಇರುವುದಿಲ್ಲ. ಬೇಡ ಬೇಡ ಅಂದರೂ ಆ ಯೋಚನೆ ಬಂದು ಮುತ್ತುತ್ತದೆ. ಇಂಗ್ಲಿಷಿನ ಅಬ್ಸೆಷನ್ ಪದದ ಲ್ಯಾಟಿನ್ ಬೇರೂ ಅದೇ, ಕೋಟೆಗೆ ಮುತ್ತಿಗೆ ಹಾಕಿ ಎದುರು ಕೂರುವುದು. ದೊಡ್ಡಪ್ಪ ರೇಡಿಯೋ ಮುಂದೆ ಕೂತಾಗ ಮುತ್ತಿಗೆಗೆ ಸಿಕ್ಕವರ ಹಾಗೆ ಕಾಣುತ್ತಿರಲಿಲ್ಲ. ಹಬ್ಬಕ್ಕೆ ತವರಿಗೆ ಬಂದವರ ಹಾಗೆ ಕಾಣುತ್ತಿದ್ದರು. ಒಂದೇ ಪದದಲ್ಲಿ ಎರಡನ್ನೂ ತುಂಬುವುದು ಗೀಳು ರೋಗದಿಂದ ನರಳುವವರಿಗೆ ಮಾಡುವ ಅನ್ಯಾಯ. ‘ನಂಗೆ ಕ್ಲೀನಿಂಗ್ ಗೀಳು’ ಎಂದು ತಮಾಷೆಗೆ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಹುಚ್ಚು ಎನ್ನುವ ಪದಕ್ಕೂ ಈ ಕಳಂಕ ಇದೆ. ಮನಸ್ಸಿನ ಕಾಯಿಲೆ ಇರುವವರನ್ನು ಹುಚ್ಚ ಎಂದು ಕರೆದು ಕಲ್ಲು ಹೊಡೆದ ನಾಲಿಗೆಯೂ ಇದೇ. ಈಗ ಪತ್ರಿಕೆಗಳು ಮಾನಸಿಕ ಅಸ್ವಸ್ಥ ಎಂದು ಬರೆಯುತ್ತವೆ, ಬರೆಯಲೇಬೇಕು. ಆ ಕಡೆಯ ಬಳಕೆ ಸತ್ತರೆ ಒಳ್ಳೆಯದೇ. ಆಗ ಹುಚ್ಚು ಪೂರ್ತಿ ರೇಡಿಯೋ, ಪುಸ್ತಕ, ಹಕ್ಕಿ, ಗಣಿತಗಳ ಪಾಲಿಗೆ ಉಳಿಯಬಹುದು.

ಮನಃಶಾಸ್ತ್ರದವರು ಇದನ್ನು ಬೇರೆ ಥರ ಬಿಡಿಸಿದ್ದಾರೆ. ಕೆನಡಾದ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು 2003ರಲ್ಲಿ ತೀವ್ರ ಆಸಕ್ತಿಯಲ್ಲಿ ಎರಡು ಬಗೆ ಎಂದರು. ಒಂದು ಬದುಕಿನ ಉಳಿದ ಭಾಗಗಳ ಜತೆ ಹೊಂದಿಕೊಂಡು ಹೋಗುವಂಥದ್ದು, ಬೇಕಾದಾಗ ಎದ್ದು ಬರಬಹುದು. ಇನ್ನೊಂದು ನಮ್ಮನ್ನೇ ಆಳುವಂಥದ್ದು, ಬಿಟ್ಟು ಬರಲು ಆಗುವುದಿಲ್ಲ. ಓದಿದಾಗ ಸರಿ ಅನ್ನಿಸಿತು. ಆದರೆ ದೊಡ್ಡಪ್ಪನನ್ನು ಯಾವ ಡಬ್ಬಿಗೆ ಹಾಕುವುದು? ಮಗಳ ಜ್ವರದ ರಾತ್ರಿ ರೇಡಿಯೋ ಮುಟ್ಟದೆ ಕೂತವರೂ ಅವರೇ. ಮದುವೆ ಮನೆಯಿಂದ ಹೇಳದೆ ಕೇಳದೆ ಎದ್ದು ಬಂದವರೂ ಅವರೇ. ವಾರದಲ್ಲಿ ನಾಲ್ಕು ದಿನ ಮೊದಲ ಬಗೆ, ಮೂರು ದಿನ ಎರಡನೆಯದು. ಹುಚ್ಚು ಎನ್ನುವ ಪದ ಈ ಏಳೂ ದಿನಕ್ಕೆ ಸಾಕಾಗುತ್ತದೆ.

ನಿಘಂಟು ಅಂದೆನಲ್ಲ, ಒಂದು ಅಡ್ಡಮಾತು. ಕಿಟೆಲ್ 1853ರಲ್ಲಿ ಮಿಷನರಿಯಾಗಿ ಇಲ್ಲಿಗೆ ಬಂದರು. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70 ಸಾವಿರ ಪದಗಳೊಂದಿಗೆ. ಬಂದದ್ದು ಧರ್ಮ ಹೇಳಲು, ಹಿಡಿದದ್ದು ಪದಗಳು. 107 ವರ್ಷ ಬದುಕಿದ ಜಿ. ವೆಂಕಟಸುಬ್ಬಯ್ಯನವರು ಆಯುಸ್ಸಿನ ಬಹುಪಾಲು ಪದಗಳ ನಡುವೆಯೇ ಇದ್ದರು. ಇಂಥವರ ಬಗ್ಗೆ ಸಮಾರಂಭಗಳಲ್ಲಿ ‘ಅಪಾರ ಆಸಕ್ತಿ ಹೊಂದಿದ್ದರು’ ಎಂದು ಭಾಷಣ ಮಾಡುತ್ತಾರೆ. ಕೇಳುವಾಗ ಮೈ ಉರಿಯುತ್ತದೆ. ಆಸಕ್ತಿಯಿಂದ 70 ಸಾವಿರ ಪದ ಆಗುವುದಿಲ್ಲ ಸ್ವಾಮಿ.

ಹುಡುಕಿದರೆ ಸಿಗುತ್ತದೆಯೇ

ನನ್ನ ವಿಷಯ ಹೇಳಬೇಕೆಂದರೆ, ನನಗೆ ಅಂಥ ಹುಚ್ಚು ಹಿಡಿದಿಲ್ಲ. ಹಿಡಿಸಿದೆ, ತುಂಬಾ ಸಲ. ಮನೆಯ ಮೂಲೆಯಲ್ಲಿ ಗಿಟಾರ್ ಇದೆ. ಕಪಾಟಿನಲ್ಲಿ ಒಣಗಿದ ಜಲವರ್ಣದ ಡಬ್ಬಿ ಇದೆ. ಒಂದು ಒಳ್ಳೆಯ ಕ್ಯಾಮೆರಾ ಇದೆ, ಅದರ ಬ್ಯಾಟರಿ ಎಲ್ಲಿದೆಯೋ ಗೊತ್ತಿಲ್ಲ. ಮನೆಯಲ್ಲಿ ಇದಕ್ಕೆ ಮೂರು ದಿನದ ಹುಚ್ಚು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಮೂರು ದಿನದ್ದು ಹುಚ್ಚೇ ಅಲ್ಲ. ಒಮ್ಮೆ ಕೆಲಸದ ಸಂದರ್ಶನದಲ್ಲಿ ನಿಮ್ಮ ಪ್ಯಾಶನ್ ಏನು ಎಂದು ಕೇಳಿದರು. ಛಾಯಾಗ್ರಹಣ ಅಂದೆ. ಕೇಳಿದವರಿಗೆ ನಿಜವಾಗಿಯೂ ಆ ಹುಚ್ಚು ಇತ್ತು ಅಂತ ನನಗೇನು ಗೊತ್ತು? ಅವರು ಮುಂದಕ್ಕೆ ಬಾಗಿ, ಕಣ್ಣು ಅರಳಿಸಿ, ಯಾವ ಲೆನ್ಸು, ಯಾವ ಹೊತ್ತಿನ ಬೆಳಕು ಎಂದು ಶುರು ಮಾಡಿದರು. ಎರಡು ನಿಮಿಷದಲ್ಲಿ ನನ್ನ ಬಂಡವಾಳ ಬಯಲಾಯಿತು. ಅವರು ಪಾಪ ಬೈಯಲಿಲ್ಲ. ಮುಖದಲ್ಲಿ ಇದ್ದದ್ದು ನಿರಾಸೆ, ಜತೆಗಾರ ಸಿಕ್ಕ ಅಂದುಕೊಂಡವನ ನಿರಾಸೆ. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಪ್ಯಾಶನ್ ಹುಡುಕಿಕೊಳ್ಳಿ ಎನ್ನುವ ಉಪದೇಶವನ್ನೇ ಪರೀಕ್ಷೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಪಾಲ್ ಓಕೀಫ್, ಕೆರೊಲ್ ಡ್ವೆಕ್, ಗ್ರೆಗರಿ ವಾಲ್ಟನ್ ಎಂಬ ಮೂವರು ಮಾಡಿದ್ದು. ಬ್ರಹ್ಮಾಂಡದ ಹುಟ್ಟಿನ ಬಗ್ಗೆ ಒಂದು ಚಂದದ ವಿಡಿಯೋ ತೋರಿಸಿದರು, ನೋಡಿದವರಿಗೆ ಹಿಡಿಸಿತು. ಆಮೇಲೆ ಅದೇ ವಿಷಯದ ಮೇಲೆ ಕಬ್ಬಿಣದ ಕಡಲೆಯಂಥ ವಿಜ್ಞಾನ ಲೇಖನ ಕೊಟ್ಟರು. ಆಸಕ್ತಿ ಎನ್ನುವುದು ಮೊದಲೇ ಒಳಗೆ ಇರುತ್ತದೆ, ಪತ್ತೆ ಹಚ್ಚಿದರೆ ಸಾಕು ಎಂದು ನಂಬಿದವರ ಉತ್ಸಾಹ ಬೇಗ ಇಳಿಯಿತು. ಅದು ಬೆಳೆಯುವಂಥದ್ದು ಎಂದು ನಂಬಿದವರದ್ದು ಅಷ್ಟು ಇಳಿಯಲಿಲ್ಲ. ನನ್ನ ಗಿಟಾರ್ ನೆನಪಾಯಿತು. ಬೆರಳು ನೋಯಲು ಶುರುವಾದ ದಿನವೇ ‘ಇದು ನಂದಲ್ಲ ಬಿಡು’ ಎಂದು ಎತ್ತಿಟ್ಟಿದ್ದೆ.

ಆದರೂ ನನ್ನ ಚತುರ್ಥೀ ವಿಭಕ್ತಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಹುಚ್ಚು ಬೆಳೆಯುತ್ತದೆ, ಸರಿ. ಬೆಳೆಸಿದವರಿಗೆ ತಾವು ಬೆಳೆಸುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. ಸೊಸೆಯನ್ನೇ ನೋಡಿ. ಅವಳು ಫಾರಂನಲ್ಲಿ ಭರತನಾಟ್ಯ ಎಂದು ಬರೆದಳು. ಅದಕ್ಕೆ ತರಗತಿ ಇದೆ, ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ. ಬರೆದು ಮುಗಿಸಿ ಎಲ್ಲಿಗೆ ಹೋದಳು? ಹಿತ್ತಲಿಗೆ. ಅಲ್ಲಿ ಗೋಡೆಯ ಬುಡದಲ್ಲಿ ಇರುವೆ ಸಾಲಿದೆ. ಎರಡು ವರ್ಷದಿಂದ ಅವಳು ದಿನಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಸಾಲಿನ ನಡುವೆ ಬೆರಳಿಂದ ಉಜ್ಜುತ್ತಾಳೆ, ಇರುವೆಗಳು ಗಲಿಬಿಲಿಯಾಗಿ ಮತ್ತೆ ದಾರಿ ಹುಡುಕುವುದನ್ನು ನೋಡುತ್ತಾಳೆ. ಎಲೆ ಅಡ್ಡ ಇಟ್ಟರೆ ಎಷ್ಟು ಹೊತ್ತಿಗೆ ಸುತ್ತಿ ಬಳಸಿ ಬರುತ್ತವೆ ಎಂದು ಲೆಕ್ಕ ಹಾಕುತ್ತಾಳೆ. ಊಟಕ್ಕೆ ಮೂರು ಸಲ ಕರೆದರೂ ಕೇಳಿಸುವುದಿಲ್ಲ. ಅವಳಮ್ಮ ದಿನಾ ಕೂಗುತ್ತಾಳೆ: “ಏನೇ ಅದು, ಇರುವೆ ಹುಚ್ಚು ನಿಂಗೆ?” ಪ್ಯಾಶನ್ ಅಂದಾಗ ಇರುವೆ ಅವಳ ತಲೆಗೆ ಬರಲೇ ಇಲ್ಲ. ನನಗೂ ಬರಲಿಲ್ಲ. ಪದ ಮನೆಯಲ್ಲೇ ಇತ್ತು, ದಿನಾ ಬೈಗುಳವಾಗಿ ಕೇಳಿಸುತ್ತಿತ್ತು.

ದೊಡ್ಡಮ್ಮನಿಗೆ ಫೋನ್

ಇಷ್ಟೆಲ್ಲ ಯೋಚಿಸುತ್ತಾ ಒಂದು ಸಂಜೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ದೊಡ್ಡಪ್ಪ ಹೋಗಿ ಹದಿನೈದು ವರ್ಷವಾಯಿತು. ಅವರು ಹಿಡಿಯುತ್ತಿದ್ದ ಎಷ್ಟೋ ಕೇಂದ್ರಗಳೂ ಹೋದವು. ನೆದರ್ಲೆಂಡ್ಸ್‌ನವರು 2012ರಲ್ಲಿ ಶಾರ್ಟ್‌ವೇವ್ ನಿಲ್ಲಿಸಿದರು. ದೊಡ್ಡಮ್ಮ ಗಟ್ಟಿಯಾಗಿದ್ದಾರೆ, ಕಿವಿ ಸ್ವಲ್ಪ ಮಂದ. ದೊಡ್ಡಪ್ಪನ ಹುಚ್ಚಿನ ಬಗ್ಗೆ ಹತ್ತಾರು ಕತೆ ನನಗೆ ಬಾಯಿಪಾಠ. ದೊಡ್ಡಮ್ಮನಿಗೆ ಯಾವ ಹುಚ್ಚಿತ್ತು ಅಂತ ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಸಂಜೆ ಕೇಳಿದೆ.

“ನಂಗೆಂಥ ಹುಚ್ಚು ಮಾರಾಯ, ನಿಮ್ಮನ್ನೆಲ್ಲ ಸಾಕೋದ್ರಲ್ಲೇ ಆಯ್ತು” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆ ಕ್ವಿಟೋ ಕತೆ ನಿಂಗೆ ಗೊತ್ತಲ್ಲ?” ಅಂದರು. ಅರ್ಧ ಗೊತ್ತಿತ್ತು. ಪೂರ್ತಿ ಹೇಳಿದರು.

1986ರ ಆಸುಪಾಸು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಆಂಡಿಸ್ ಬೆಟ್ಟಗಳ ನಡುವಿನ ಕ್ವಿಟೋದಲ್ಲಿ ಎಚ್‌ಸಿಜೆಬಿ ಎಂಬ ಕೇಂದ್ರ ಇತ್ತು, 1931ರಲ್ಲಿ ಶುರುವಾದದ್ದು. ದೊಡ್ಡಪ್ಪನಿಗೆ ಅದು ಸಿಗುತ್ತಲೇ ಇರಲಿಲ್ಲ. ಎರಡು ವರ್ಷ ಪ್ರಯತ್ನ. ಒಂದು ರಾತ್ರಿ ಸಿಗಬಹುದು ಎಂದು ಲೆಕ್ಕ ಹಾಕಿ, ಡಯಲ್ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಟ್ಟಿದ್ದರು. ಅದೇ ದಿನ ಅವರಿಗೆ ಕಾಲು ನಿಲ್ಲದಷ್ಟು ಜ್ವರ. ಮೂರು ಗಂಟೆಗೆ ಎಬ್ಬಿಸು ಎಂದು ಹೇಳಿ ಮಲಗಿದರು. ಮೂರಕ್ಕೆ ದೊಡ್ಡಮ್ಮ ಎದ್ದರು, ಹಣೆ ಮುಟ್ಟಿ ನೋಡಿದರು, ಎಬ್ಬಿಸಲಿಲ್ಲ. ತಾವೇ ಹೋಗಿ ರೇಡಿಯೋ ಹಾಕಿದರು. ಪೆನ್ಸಿಲ್ ಗುರುತಿನ ಆಚೆ ಈಚೆ ಸರಿಸುತ್ತಾ ಕೂತರು. ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದರು. ಆ ಪುಟ ನಾನು ಆಮೇಲೆ ನೋಡಿದ್ದೇನೆ. ‘ಮೊದಲು ಗುಂಯ್ ಅಂತಿತ್ತು. ಆಮೇಲೆ ಪಿಯಾನೋ ಥರ. ಆಮೇಲೆ ಒಬ್ಬಳು ಹೆಂಗಸು ಮಾತಾಡಿದಳು, ಬಾವಿ ಒಳಗಿಂದ ಮಾತಾಡಿದ ಹಾಗೆ. ಮುಳುಗುತ್ತಾಳೆ, ಏಳುತ್ತಾಳೆ. ಎರಡು ಸಲ ಕೀಟೋ ಅಂದಳು.’

ಬೆಳಿಗ್ಗೆ ದೊಡ್ಡಪ್ಪ ಅದನ್ನು ಓದಿ, ಮಲಗಿದಲ್ಲೇ ಪೆನ್ನು ತರಿಸಿ, ಸಂಕೇತಕ್ಕೆ ಇಳಿಸಿದರಂತೆ. ಮುಳುಗಿ ಏಳುವುದಕ್ಕೆ 2. ಗುಂಯ್ ಅಂದದ್ದಕ್ಕೆ 3. ಒಟ್ಟು 24322. ನಮ್ಮ ಮೂರು ಗಂಟೆಯಿಂದ ಐದೂವರೆ ಗಂಟೆ ಕಳೆದು ಹಿಂದಿನ ದಿನದ 21:30 ಎಂದು ಜಿಎಂಟಿಗೆ ತಿದ್ದಿದರು. ತಾರೀಖೂ ಒಂದು ದಿನ ಹಿಂದಕ್ಕೆ ಹೋಯಿತು. ಐದು ತಿಂಗಳ ಮೇಲೆ ಕಾರ್ಡು ಬಂತು. ಕಾರ್ಡಿನ ಮೇಲೆ ದೊಡ್ಡಪ್ಪನ ಹೆಸರೇ ಇತ್ತು. ಇಷ್ಟು ನನಗೆ ಗೊತ್ತಿದ್ದ ಕತೆ.

“ಆ ಹೆಂಗಸು ಏನು ಹೇಳ್ತಿದ್ದಳೋ, ಗೊತ್ತಾಗ್ಲೇ ಇಲ್ಲ” ಅಂದರು ದೊಡ್ಡಮ್ಮ. “ಆಮೇಲೂ ಎಷ್ಟೋ ಸಲ ಎದ್ದಿದ್ದೆ ಕಣೋ. ಅವರು ಮಲಗಿದ ಮೇಲೆ, ಮೂರು ಗಂಟೆಗೆ. ಸಣ್ಣಗೆ ಇಟ್ಕೊಂಡು, ಸುಮ್ನೆ ತಿರುಗಿಸಿ ನೋಡ್ತಿದ್ದೆ. ಸಿಗ್ಲಿಲ್ಲ.”

“ದೊಡ್ಡಪ್ಪನಿಗೆ ಗೊತ್ತಿತ್ತಾ?”

“ಪೆನ್ಸಿಲ್ ಗುರುತು ಅಳಿಸಿ ಹೋದ ಹಾಗೆಲ್ಲ ಮತ್ತೆ ಹಾಕಿ ಇಡ್ತಿದ್ರು” ಅಂದರು.